ಊಟದ ತಟ್ಟೆಯಗಲದಲ್ಲಿ ಎರಡು ಎಚ್‌ಪಿ!

ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. 2023ರ ಮಾರ್ಚ್‌ನಲ್ಲಿ ಅದು ಲೋಕಾರ್ಪಣೆಯಾದಾಗ ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ನಮ್ಮದೆಂದು ಊರೆಲ್ಲ ಹಿಗ್ಗಿತ್ತು. ಚೀಲ ಹೊತ್ತುಕೊಂಡು ಈ ತುದಿಯಿಂದ ಆ ತುದಿಗೆ ನಡೆಯಬೇಕೆಂದರೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಗಂಟೆಗೆ 150 ಕಿಲೋಮೀಟರ್ ವೇಗದ ರೇಸಿಂಗ್ ಡ್ರೋನಿಗೆ ಅಷ್ಟೇ ದೂರಕ್ಕೆ 36 ಸೆಕೆಂಡು ಸಾಕು! ನಿಲ್ದಾಣದಲ್ಲಿ ಅದನ್ನು ಹಾರಿಸುವಂತಿಲ್ಲ ಬಿಡಿ, ಇದು ಕಾಗದದ ಮೇಲಿನ ಲೆಕ್ಕ. ಆದರೂ ಉತ್ತರ ಬಂದ ಮೇಲೆ ನಂಬಿಕೆಯಾಗದೆ ಮತ್ತೊಮ್ಮೆ ಭಾಗಿಸಿ ನೋಡಿದೆ. ಲೆಕ್ಕ ಸರಿಯಾಗಿಯೇ ಇತ್ತು.

ಇಷ್ಟು ಓಡುವ ಪ್ರಾಣಿಯ ತೂಕವೆಷ್ಟು? ಬ್ಯಾಟರಿ ಸೇರಿ ಸುಮಾರು 600 ಗ್ರಾಂ. ಅಗಲ ಒಂದು ಊಟದ ತಟ್ಟೆಯಷ್ಟು. ಕಾರ್ಬನ್ ಫೈಬರಿನ ಕಪ್ಪು ಚೌಕಟ್ಟು, ನಾಲ್ಕು ಮೂಲೆಗೆ ನಾಲ್ಕು ಮೋಟಾರು, ಅವುಗಳ ತಲೆಯ ಮೇಲೆ ಐದಿಂಚಿನ ಪ್ಲಾಸ್ಟಿಕ್ ಪ್ರೊಪೆಲ್ಲರು, ಮೂಗಿನ ಜಾಗದಲ್ಲೊಂದು ಪುಟ್ಟ ಕ್ಯಾಮೆರಾ. ಮದುವೆ ಮಂಟಪದ ಮೇಲೆ ಗುಂಯ್‌ಗುಡುವ ಫೋಟೋ ಡ್ರೋನಿನ ಜಾತಿಯೇ ಬೇರೆ. ಅದು ಕೈಬಿಟ್ಟರೂ ನಿಂತಲ್ಲೇ ನಿಲ್ಲುತ್ತದೆ, ಜಿಪಿಎಸ್ ಅದನ್ನು ಹಿಡಿದಿಟ್ಟಿರುತ್ತದೆ. ರೇಸಿಂಗ್ ಡ್ರೋನು ಕೈಬಿಟ್ಟರೆ ಬೀಳುತ್ತದೆ. ಹಾರಿಸುವವರು ನೆಲದ ಮೇಲೆ ಕುರ್ಚಿ ಹಾಕಿಕೊಂಡು ಕೂತು, ಕಣ್ಣಿಗೆ ಗಾಗಲ್ಸ್ ಕಟ್ಟಿಕೊಂಡು, ಡ್ರೋನಿನ ಕಣ್ಣಿಂದಲೇ ಲೋಕವನ್ನು ನೋಡುತ್ತ ಐದಡಿ ಚೌಕದ ಗೇಟುಗಳೊಳಗೆ ಅದನ್ನು ನುಗ್ಗಿಸುತ್ತಾರೆ. ಎಫ್‌ಪಿವಿ ಎಂದು ಈ ಆಟಕ್ಕೆ ಹೆಸರು. ಆಟಗಾರರ ಮೈ ಕುರ್ಚಿಯಲ್ಲಿ, ಜೀವ ಗಾಳಿಯಲ್ಲಿ.

ಇಲ್ಲಿ ಯಾರ ಬಾಯಿಮಾತನ್ನೂ ನಂಬಬೇಕಿಲ್ಲ. ಎಲ್ಲವನ್ನೂ ಮೇಜಿನ ಮೇಲೆ ಬಿಚ್ಚಿ, ಮುಟ್ಟಿ, ಅಳೆದು ನೋಡಬಹುದು. ಬಿಚ್ಚಿ ನೋಡಿದಾಗಲೇ ನನಗೆ ನಿಜವಾದ ಬೆರಗು ಹಿಡಿದದ್ದು. ಯಾವುದೋ ದೂರದೇಶದ ಮಾಯಾವಸ್ತು ಎಂದುಕೊಂಡಿದ್ದರ ಹೊಟ್ಟೆಯೊಳಗೆ ಧಾರವಾಡ ಜಿಲ್ಲೆಯ ಪ್ರತಿ ಹಳ್ಳಿಗೂ ಗೊತ್ತಿರುವ ವಿದ್ಯೆ ಕೂತಿತ್ತು!

ಅದಕ್ಕೂ ಮೊದಲು ಒಂದು ಸರ್ಕಾರಿ ಸ್ವಾರಸ್ಯ ಹೇಳಬೇಕು. 2014ರ ಅಕ್ಟೋಬರ್‌ನಲ್ಲಿ ನಾಗರಿಕ ವಿಮಾನಯಾನ ನಿರ್ದೇಶನಾಲಯ ಒಂದು ಪ್ರಕಟಣೆ ಹೊರಡಿಸಿ, ನಿಯಮ ಬರುವವರೆಗೆ ಖಾಸಗಿಯವರು ಡ್ರೋನ್ ಹಾರಿಸುವುದನ್ನೇ ನಿಲ್ಲಿಸಿಬಿಟ್ಟಿತ್ತು. ಹೆಚ್ಚುಕಡಿಮೆ ಏಳು ವರ್ಷ ಕಳೆದು 2021ರ ಆಗಸ್ಟ್ 25ರಂದು ಉದಾರವಾದ ಡ್ರೋನ್ ನಿಯಮಗಳು ಬಂದವು. ಆರು ತಿಂಗಳೂ ಆಗಿರಲಿಲ್ಲ, 2022ರ ಫೆಬ್ರವರಿ 9ರಂದು ಇನ್ನೊಂದು ಆದೇಶ: ಸಿದ್ಧ ಡ್ರೋನನ್ನು ವಿದೇಶದಿಂದ ತರಿಸುವಂತಿಲ್ಲ. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿ. ಪೂರ್ತಿ ಬಿಚ್ಚಿದ ಕಿಟ್ಟಾಗಿ ತರಿಸಿದರೂ ನಿಷೇಧವೇ. ಆದರೆ ಬಿಡಿಭಾಗಗಳಿಗೆ ತಡೆಯಿಲ್ಲ! ಮೋಟಾರು ತರಿಸಿ, ಚೌಕಟ್ಟು ತರಿಸಿ, ಬೋರ್ಡು ತರಿಸಿ, ಇಲ್ಲೇ ಕೂತು ಕಟ್ಟಿ. ದೇಶದಲ್ಲೇ ಕೈಗಾರಿಕೆ ಬೆಳೆಯಲೆಂದು ಮಾಡಿದ ಆ ಆದೇಶದಿಂದ ಒಂದು ವಿಚಿತ್ರ ಲಾಭವಾಯಿತು. ರೇಸಿಂಗ್ ಡ್ರೋನ್ ಬೇಕೆನ್ನುವ ಭಾರತದ ಹುಡುಗ ಹುಡುಗಿಯರಿಗೆ ಬೆಸುಗೆಯ ಕಡ್ಡಿ ಹಿಡಿಯುವುದೇ ರಾಜಮಾರ್ಗವಾಯಿತು. ಕಟ್ಟಲು ಬರುವವರಿಗಷ್ಟೇ ಹಾರಾಟ. ಇದಕ್ಕಿಂತ ಒಳ್ಳೆಯ ಶಿಕ್ಷಣ ನೀತಿಯನ್ನು ಬೇಕೆಂದೇ ಕೂತು ಬರೆದಿದ್ದರೂ ಬರೆಯಲಾಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಈಗ ಮೋಟಾರಿಗೆ ಬನ್ನಿ. ಹೆಬ್ಬೆರಳ ಗಾತ್ರದ್ದು, ಮೂವತ್ತು ಮೂವತ್ತೈದು ಗ್ರಾಂ ತೂಗುತ್ತದೆ. ಮೈಮೇಲೆ 2207 ಎಂದು ಬರೆದಿರುತ್ತದೆ, ಒಳಗಿನ ತಾಮ್ರ ಸುತ್ತಿದ ಸ್ಟೇಟರಿನ ಅಗಲ 22 ಮಿಲಿಮೀಟರ್, ಎತ್ತರ 7 ಎಂದು ಅದರರ್ಥ. ಬುಡದಿಂದ ಮೂರು ವಯರು ಹೊರಬಂದಿವೆ. ಎರಡಲ್ಲ, ಮೂರು! ಮೂರು ವಯರು ಕಂಡ ಕೂಡಲೇ ನಮ್ಮ ಕಡೆಯ ಯಾವ ರೈತನಿಗೂ ಅರ್ಥವಾಗಬೇಕು. ತ್ರೀ ಫೇಸ್! ನವಲಗುಂದದಿಂದ ಕಲಘಟಗಿವರೆಗೆ ಯಾವ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿಯಾದರೂ, "ಯಜಮಾನ್ರ, ಮೋಟಾರ ಉಲ್ಟಾ ತಿರಗಾಕತ್ತೈತ್ರೀ" ಎಂದು ಹೇಳಿ ನೋಡಿ. ಕೈಯಲ್ಲಿನ ಕೆಲಸದಿಂದ ತಲೆ ಎತ್ತದೆ, "ಯಾವ್ದರ ಎರಡ ವಯರ್ ಅದಲಬದಲ ಮಾಡ್ರೀ, ಸೀದಾ ತಿರಗತೈತಿ" ಎನ್ನುತ್ತಾರೆ. ರೇಸಿಂಗ್ ಡ್ರೋನ್ ಕಟ್ಟುವಾಗ ಒಂದು ಮೋಟಾರು ತಪ್ಪು ದಿಕ್ಕಿಗೆ ತಿರುಗಿದರೆ ಮಾಡಬೇಕಾದದ್ದೂ ಅದೇ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಯಾವುದಾದರೂ ಎರಡು ವಯರು ಅದಲುಬದಲು.

ಪಂಪ್‌ಸೆಟ್ಟಿನಲ್ಲಿರುವುದು ಸಾಮಾನ್ಯವಾಗಿ ಇಂಡಕ್ಷನ್ ಮೋಟಾರು, ಡ್ರೋನಿನದ್ದು ಶಾಶ್ವತ ಆಯಸ್ಕಾಂತದ್ದು, ಆ ವ್ಯತ್ಯಾಸ ಇದ್ದೇ ಇದೆ. ಆದರೆ ಮೂರು ಸುರುಳಿಗಳಲ್ಲಿ ಸರದಿಯಂತೆ ವಿದ್ಯುತ್ ಹರಿಸಿ ಕಾಂತಕ್ಷೇತ್ರವನ್ನೇ ತಿರುಗಿಸುವ ಉಪಾಯ ಎರಡಕ್ಕೂ ಒಂದೇ. ಹೊಲಕ್ಕೆ ತ್ರೀ ಫೇಸ್ ಯಾವಾಗ ಬಂದೀತೆಂದು ರಾತ್ರಿ ಜಾಗರಣೆ ಕೂರುವ ರೈತ ಇಲ್ಲಿ ಸ್ವಲ್ಪ ಹೊಟ್ಟೆಕಿಚ್ಚು ಪಡಬಹುದು. ಡ್ರೋನು ತನಗೆ ಬೇಕಾದ ತ್ರೀ ಫೇಸನ್ನು ತಾನೇ ತಯಾರಿಸಿಕೊಳ್ಳುತ್ತದೆ! ಬ್ಯಾಟರಿಯ ಡಿಸಿಯನ್ನು ಒಂದೊಂದು ಮೋಟಾರಿಗೂ ಆರಾರು ಪುಟ್ಟ ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಕತ್ತರಿಸಿ ಮೂರು ಫೇಸ್ ಮಾಡುತ್ತವೆ. ಇದನ್ನು ಮಾಡುವ ಬೋರ್ಡಿಗೆ ಇಎಸ್‌ಸಿ ಎಂದು ಹೆಸರು. ಯಾವುದೇ ಕ್ಷಣದಲ್ಲಿ ಎರಡು ವಯರುಗಳಲ್ಲಿ ವಿದ್ಯುತ್ ಹರಿಯುತ್ತಿದ್ದರೆ ಮೂರನೆಯದು ಸುಮ್ಮನೆ ಕಿವಿಗೊಟ್ಟು ಕೂತಿರುತ್ತದೆ. ತಿರುಗುವ ಆಯಸ್ಕಾಂತ ಅದರಲ್ಲಿ ಹುಟ್ಟಿಸುವ ಸಣ್ಣ ವೋಲ್ಟೇಜನ್ನು ಕೇಳಿಸಿಕೊಂಡು, ರೋಟರ್ ಈಗ ಎಲ್ಲಿದೆ ಎಂದು ತಿಳಿದು, ಮುಂದಿನ ಸರದಿ ಯಾರದ್ದೆಂದು ಬೋರ್ಡು ನಿರ್ಧರಿಸುತ್ತದೆ. ನಮ್ಮ ಪಂಪ್‌ಸೆಟ್ಟಿಗೆ ಬರುವ ಕರೆಂಟು ಸೆಕೆಂಡಿಗೆ 50 ಸುತ್ತು ಪೂರೈಸುವ ಆವರ್ತನದ್ದು. ಹದಿನಾಲ್ಕು ಆಯಸ್ಕಾಂತಗಳ ಈ ಪುಟಾಣಿ ನಿಮಿಷಕ್ಕೆ 30,000 ಸುತ್ತು ತಿರುಗಿದರೆ ಆ ಆವರ್ತನ 3,500ಕ್ಕೆ ಏರುತ್ತದೆ. ಎಪ್ಪತ್ತು ಪಟ್ಟು!

ನಿಮಿಷಕ್ಕೆ ಮೂವತ್ತು ಸಾವಿರ ಸುತ್ತು. ಐದಿಂಚಿನ ಪ್ರೊಪೆಲ್ಲರಿನ ತುದಿ ಆಗ ಗಂಟೆಗೆ ಸುಮಾರು 718 ಕಿಲೋಮೀಟರ್ ವೇಗದಲ್ಲಿ ಗಾಳಿಯನ್ನು ಸೀಳುತ್ತಿರುತ್ತದೆ. ಸಣ್ಣ ಮಕ್ಕಳ ಆಟಿಕೆಯಂತೆ ಕಾಣುವ ಆ ಪ್ಲಾಸ್ಟಿಕ್ ತುಂಡು ಪ್ರಯಾಣಿಕರ ಜೆಟ್ ವಿಮಾನದ ಓಟಕ್ಕೆ ಹತ್ತಿರ ಹತ್ತಿರ ಬಂದಿರುತ್ತದೆ! ಬೆರಳು ಸಿಕ್ಕರೆ ಬೆರಳಿನ ಕಥೆ ಮುಗಿಯಿತು. ಮೇಜಿನ ಮೇಲೆ ಡ್ರೋನಿಗೆ ಬ್ಯಾಟರಿ ಜೋಡಿಸುವಾಗ ಪ್ರೊಪೆಲ್ಲರ್ ಬಿಚ್ಚಿಟ್ಟಿರಬೇಕು ಎಂದು ಈ ಆಟದ ಹಿರಿಯರು ಗುರುಮಂತ್ರದಂತೆ ಜಪಿಸುವುದು ಸುಮ್ಮನೆ ಅಲ್ಲ.

ಶಕ್ತಿಯ ಲೆಕ್ಕವನ್ನು ನಮ್ಮ ಭಾಷೆಯಲ್ಲೇ, ಎಚ್‌ಪಿಯಲ್ಲೇ ಹಾಕೋಣ. ಪೂರ್ತಿ ರೇಸ್ ಕೊಟ್ಟಾಗ ಒಂದೊಂದು ಮೋಟಾರು 30 ಆಂಪಿಯರ್ ಎಳೆದರೂ ನಾಲ್ಕಕ್ಕೆ 120 ಆಂಪಿಯರ್. ಬ್ಯಾಟರಿ 14 ವೋಲ್ಟಿಗೆ ಕುಗ್ಗಿದೆ ಎಂದಿಟ್ಟುಕೊಂಡರೂ 1,680 ವಾಟ್. ಒಂದು ಎಚ್‌ಪಿಗೆ 746 ವಾಟ್. ಭಾಗಿಸಿ! ಎರಡು ಎಚ್‌ಪಿ ದಾಟಿತು! ಬಾವಿಯಿಂದ ನೀರೆತ್ತಲು ನಾವು ಕಬ್ಬಿಣದ ಮೋಟಾರನ್ನು ಇಬ್ಬರು ಹಿಡಿದು ಇಳಿಸುತ್ತೇವಲ್ಲ, ಅಷ್ಟು ಕಸುವನ್ನು ಕೆಲವು ಕ್ಷಣಗಳ ಮಟ್ಟಿಗಾದರೂ ಒಂದು ಅಂಗಿ ಜೇಬಿನ ಬ್ಯಾಟರಿ ಕಕ್ಕುತ್ತದೆ. ನಾಲ್ಕು ಪ್ರೊಪೆಲ್ಲರು ಸೇರಿ ಎತ್ತಬಲ್ಲ ಭಾರ ಐದು ಕಿಲೋದ ಆಸುಪಾಸು, ಡ್ರೋನಿನ ತೂಕಕ್ಕೆ ಎಂಟು ಪಟ್ಟು. ಆದ್ದರಿಂದಲೇ ಅದು ಏರುವುದನ್ನು ಕಂಡವರಿಗೆ ಏರಿತೋ ಆಕಾಶಕ್ಕೇ ಬಿತ್ತೋ ತಿಳಿಯುವುದಿಲ್ಲ. ಇದಕ್ಕೆ ಬೆಲೆಯೂ ಇದೆ. ಇಷ್ಟು ಜೋರಾಗಿ ಉಂಡರೆ ಬ್ಯಾಟರಿ ಮೂರ್ನಾಲ್ಕು ನಿಮಿಷಕ್ಕೆ ಖಾಲಿ.

ಹಾಗಾದರೆ ಇದರ ತಲೆಯೊಳಗೆ ಯಾರಿದ್ದಾರೆ? ನಾಲ್ಕು ಮೋಟಾರಿನ ಈ ಆಕಾರ ತನ್ನಷ್ಟಕ್ಕೆ ಒಂದು ಸೆಕೆಂಡೂ ನೆಟ್ಟಗೆ ನಿಲ್ಲದು. ವಿಮಾನಕ್ಕಿರುವಂತೆ ಬಾಲವಿಲ್ಲ, ಚುಕ್ಕಾಣಿಯಿಲ್ಲ. ಮುಂದೆ ಬಾಗಬೇಕೆ? ಹಿಂದಿನೆರಡು ಮೋಟಾರು ಜೋರಾಗಬೇಕು. ಮೂಗು ಎಡಕ್ಕೆ ಹೊರಳಬೇಕೆ? ಎರಡು ಪ್ರೊಪೆಲ್ಲರು ಬಲಸುತ್ತು, ಎರಡು ಎಡಸುತ್ತು ತಿರುಗುತ್ತಿರುವುದರಿಂದ ಒಂದು ಜೋಡಿಯನ್ನು ತುಸು ಹೆಚ್ಚಿಸಿ ಇನ್ನೊಂದನ್ನು ತುಸು ತಗ್ಗಿಸಿದರೆ ದೇಹ ತಾನಾಗಿ ಹೊರಳುತ್ತದೆ. ಇದನ್ನೆಲ್ಲ ನಡೆಸುವುದು ಫ್ಲೈಟ್ ಕಂಟ್ರೋಲರ್ ಎಂಬ ಎರಡು ಬೆರಳಗಲದ ಬೋರ್ಡು. ಅದರ ಮೇಲೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಗೈರೋ ಚಿಪ್ಪು. ಅದರೊಳಗೆ ಸಿಲಿಕಾನಿನ ಅತಿ ಸೂಕ್ಷ್ಮ ಭಾಗವೊಂದು ಸದಾ ಕಂಪಿಸುತ್ತಿರುತ್ತದೆ. ಡ್ರೋನು ವಾಲಿದರೆ ಕಂಪನವೂ ಬದಿಗೆ ಸರಿಯುತ್ತದೆ. ಆ ಸರಿಯುವಿಕೆಯನ್ನು ಸೆಕೆಂಡಿಗೆ 8,000 ಸಲ ಓದಿ, ಬೇಕಾದ ಭಂಗಿಗೂ ಇರುವ ಭಂಗಿಗೂ ವ್ಯತ್ಯಾಸ ಹಿಡಿದು, ನಾಲ್ಕೂ ಮೋಟಾರಿಗೆ ಹೊಸ ಆಜ್ಞೆ ಹೋಗುತ್ತದೆ. ನೀವು ಒಮ್ಮೆ ರೆಪ್ಪೆ ಬಡಿಯುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಸಲ ತನ್ನನ್ನು ತಾನು ತಿದ್ದಿಕೊಂಡಿರುತ್ತದೆ!

ಈ ಬುದ್ಧಿ ಬಂದದ್ದೆಲ್ಲಿಂದ ಎಂದು ಕೆದಕಿದರೆ ಸಿಗುವುದು ಒಂದು ವಿಡಿಯೋ ಗೇಮು. ನಿಂಟೆಂಡೊ ಕಂಪನಿಯ ವೀ ಆಟದ ಕೈಗೋಲಿಗೆ 2009ರಲ್ಲಿ ಗೈರೋ ಇರುವ ಒಂದು ಅಗ್ಗದ ಬಾಲಂಗೋಚಿ ಬಂತು. ಮರುವರ್ಷ ಫ್ರಾನ್ಸಿನ ಹವ್ಯಾಸಿಯೊಬ್ಬರು ಅದನ್ನು ಬಿಚ್ಚಿ ಒಳಗಿನ ಗೈರೋ ತೆಗೆದು, ಆರ್ಡ್ವಿನೋ ಬೋರ್ಡಿಗೆ ಜೋಡಿಸಿ, ಹಾರುವ ಯಂತ್ರದ ಬೆನ್ನಿಗೆ ಕಟ್ಟಿದರು. ಬರೆದ ತಂತ್ರಾಂಶವನ್ನು ಲೋಕಕ್ಕೆ ಪುಕ್ಕಟೆ ಕೊಟ್ಟರು. ಅದರ ಹೆಸರು ಮಲ್ಟಿವೀ. ಅದರಿಂದ ಬೇಸ್‌ಫ್ಲೈಟ್ ಹುಟ್ಟಿತು, ಅದರಿಂದ ಕ್ಲೀನ್‌ಫ್ಲೈಟ್, ಅದರಿಂದ 2015ರಲ್ಲಿ ಬೀಟಾಫ್ಲೈಟ್. ಜಗತ್ತಿನ ರೇಸಿಂಗ್ ಡ್ರೋನುಗಳಲ್ಲಿ ಬಹುಪಾಲು ಇಂದು ಹಾರುವುದು ಈ ಬೀಟಾಫ್ಲೈಟಿನ ಮೇಲೆ. ಬರೆಯುವವರು ಸ್ವಯಂಸೇವಕರು, ಬಳಸುವವರು ಕಾಸು ಕೊಡಬೇಕಿಲ್ಲ. ರಿಮೋಟಿಗೂ ಡ್ರೋನಿಗೂ ಮಾತು ನಡೆಸುವ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ರೇಡಿಯೋ ವ್ಯವಸ್ಥೆಯೂ ಹಾಗೆಯೇ ತೆರೆದ ಬಾಗಿಲಿನದು. ಸೆಕೆಂಡಿಗೆ 500 ಸಲ ನಿಮ್ಮ ಹೆಬ್ಬೆರಳಿನ ಸುದ್ದಿಯನ್ನು ಗಾಳಿಗೆ ದಾಟಿಸಬಲ್ಲದು. ಬಡವರ ಮನೆಯ ಹುಡುಗಿಯೂ ಶ್ರೀಮಂತರ ಮನೆಯ ಹುಡುಗನೂ ಒಂದೇ ತಂತ್ರಾಂಶದಲ್ಲಿ ಹಾರುವ ಆಟ ಬೇರೆ ಯಾವುದಿದೆ ಹೇಳಿ!

ಧಾರವಾಡದವರಿಗೆಂದೇ ಒಂದು ಮಾತು ಇಲ್ಲಿ ಸೇರಿಸದೆ ಮುಂದೆ ಹೋಗಲಾರೆ. ಡ್ರೋನಿಗೆ ಬ್ಯಾಟರಿ ಚುಚ್ಚಿದ ಕೂಡಲೇ ಅದು ಟುಂಯ್ ಟುಂಯ್ ಎಂದು ಹಾಡುತ್ತದೆ. ಸ್ಪೀಕರ್ ಎಲ್ಲಿದೆ ಎಂದು ಹುಡುಕಿದರೆ ಎಲ್ಲೂ ಇಲ್ಲ. ಹಾಡುತ್ತಿರುವುದು ಮೋಟಾರುಗಳೇ! ತಿರುಗುವಷ್ಟು ಅಲ್ಲ, ನಡುಗುವಷ್ಟು ಮಾತ್ರ ವಿದ್ಯುತ್ತನ್ನು ಸುರುಳಿಗೆ ಕೊಟ್ಟು, ಆ ನಡುಕದ ವೇಗ ಬದಲಿಸಿದರೆ ಸ್ವರ ಬದಲಾಗುತ್ತದೆ. ಬ್ಲೂಜೇ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಆ ಸ್ವರಗಳನ್ನು ನಮಗೆ ಬೇಕಾದಂತೆ ಬರೆಯಲೂಬಹುದು. ಮಲ್ಲಿಕಾರ್ಜುನ ಮನ್ಸೂರರ ಊರಿನಲ್ಲಿ, ಗಂಗೂಬಾಯಿ ಹಾನಗಲ್ಲರ ಊರಿನಲ್ಲಿ ಕಟ್ಟಿದ ಡ್ರೋನು ಎದ್ದೇಳುವಾಗ ಭೂಪದ ಐದು ಸ್ವರಗಳ ಆರೋಹ ಹಾಡಿಕೊಂಡು ಎದ್ದರೆ ಎಷ್ಟು ಚೆನ್ನ! ಶ್ರುತಿ ತುಸು ಆಚೀಚೆಯಾದೀತು, ಕ್ಷಮಿಸಿಬಿಡಬೇಕು.

ಇನ್ನು ದುಡ್ಡಿನ ಮಾತು. ಬೆಲೆ ಅಂಗಡಿಯಿಂದ ಅಂಗಡಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಆದ್ದರಿಂದ ಇದು ಅಂದಾಜು. ಚೌಕಟ್ಟಿಗೆ ಎರಡೂವರೆ ಸಾವಿರ, ನಾಲ್ಕು ಮೋಟಾರಿಗೆ ಐದೂವರೆ ಸಾವಿರ, ಕಂಟ್ರೋಲರ್ ಮತ್ತು ಇಎಸ್‌ಸಿಯ ಜೋಡಿಗೆ ಆರೂವರೆ ಸಾವಿರ, ಕ್ಯಾಮೆರಾ ಮತ್ತು ವಿಡಿಯೋ ಟ್ರಾನ್ಸ್‌ಮಿಟರಿಗೆ ನಾಲ್ಕು ಸಾವಿರ, ರಿಸೀವರು, ಪ್ರೊಪೆಲ್ಲರು, ಚಿಲ್ಲರೆ ಸಾಮಾನಿಗೆ ಎರಡು. ಇಪ್ಪತ್ತರ ಸುತ್ತ ಬಂತೇ? ಇದು ಆಕಾಶಕ್ಕೆ ಹೋಗುವ ದುಡ್ಡು. ಮಜಾ ಏನೆಂದರೆ ಹೆಚ್ಚುಕಡಿಮೆ ಅಷ್ಟೇ ದುಡ್ಡು ನೆಲ ಬಿಟ್ಟು ಮೇಲೇಳುವುದೇ ಇಲ್ಲ! ರಿಮೋಟು, ಪೆಟ್ಟಿಗೆಯಂಥ ಅಗ್ಗದ ಗಾಗಲ್ಸು, ಚಾರ್ಜರು, ಬೆಸುಗೆಯ ಸಾಮಾನು ಸೇರಿ ಇನ್ನೊಂದು ಹತ್ತೊಂಬತ್ತು ಇಪ್ಪತ್ತು ಸಾವಿರ. ಎರಡು ಬ್ಯಾಟರಿಗೆ ನಾಲ್ಕೈದು ಸಾವಿರ. ಒಟ್ಟು ನಲವತ್ತೈದರ ಆಸುಪಾಸು.

ನಲವತ್ತೈದು ಸಾವಿರ ಕೇಳಿ ಎದೆ ಧಸಕ್ಕೆಂದಿತೇ? ನಿಲ್ಲಿ. ನೆಲದ ಸಾಮಾನು ಮುರಿಯುವುದಿಲ್ಲ, ಹಳತಾಗುವುದೂ ನಿಧಾನ, ಹಂಚಿಕೊಳ್ಳಲು ಬರುತ್ತದೆ. ನಾಲ್ವರು ಗೆಳೆಯರು ಕೂಡಿದರೆ ಒಂದು ಗಾಗಲ್ಸು, ಒಂದು ಚಾರ್ಜರು, ಒಂದು ಬೆಸುಗೆ ಕಡ್ಡಿ ಸಾಕು. ಡಿಜಿಟಲ್ ವಿಡಿಯೋ ಬೇಡ, ಹಳೆಯ ಟಿವಿಯಂತೆ ಚುಕ್ಕಿ ಚುಕ್ಕಿ ಕಾಣುವ ಅನಲಾಗ್ ಸಾಕು. ಜಿಪಿಎಸ್ ಬೇಡ, ಬಣ್ಣದ ದೀಪ ಬೇಡ. ಯಾವುದರಲ್ಲಿ ಕೈ ಬಿಗಿ ಹಿಡಿಯಬಾರದು ಎಂದರೆ ಮೂರರಲ್ಲಿ: ರಿಮೋಟು, ಚಾರ್ಜರು, ಬೆಸುಗೆ ಕಡ್ಡಿ. ರಿಮೋಟನ್ನೇ ಮೊದಲು ಕೊಳ್ಳಿ, ಬೇರೆ ಏನನ್ನೂ ಕೊಳ್ಳಬೇಡಿ. ಯುಎಸ್‌ಬಿ ತಂತಿಯಲ್ಲಿ ಅದನ್ನು ಕಂಪ್ಯೂಟರಿಗೆ ಚುಚ್ಚಿ ಲಿಫ್ಟ್‌ಆಫ್ ಅಥವಾ ವೆಲಾಸಿಡ್ರೋನ್ ಎಂಬ ಸಿಮ್ಯುಲೇಟರಿನಲ್ಲಿ ಬೀಳುತ್ತ ಏಳುತ್ತ ಕಲಿಯಬಹುದು. ಅಲ್ಲಿ ನೂರು ಸಲ ಗೋಡೆಗೆ ಗುದ್ದಿದರೂ ಒಂದು ಪೈಸೆ ಖರ್ಚಿಲ್ಲ. ಇಷ್ಟು ದುಡ್ಡೂ ಹೆಚ್ಚಾಯಿತೆನ್ನುವವರಿಗೆ ಅಂಗೈಯಲ್ಲಿ ಕೂರುವ ವೂಪ್ ಎಂಬ ತಮ್ಮ ಇದ್ದಾನೆ: 65 ಮಿಲಿಮೀಟರ್ ಚೌಕಟ್ಟು, ಮೊಟ್ಟೆಗಿಂತ ಕಡಿಮೆ ತೂಕ, ಪ್ರೊಪೆಲ್ಲರಿನ ಸುತ್ತ ಬಳೆಯಂಥ ಕಾವಲು. ಬಿಡಿಭಾಗ ತಂದು ಕಟ್ಟಿದರೆ ಹತ್ತು ಸಾವಿರದ ಆಸುಪಾಸು. ನಡುಮನೆಯಲ್ಲೇ ಕುರ್ಚಿಯ ಕಾಲುಗಳ ನಡುವೆ ರೇಸು! ಮನೆಯ ಹಿರಿಯರು ಬೈಯುವ ತನಕ.

ಬೆಸುಗೆಗೆ ಬರೋಣ, ಏಕೆಂದರೆ ಡ್ರೋನಿನ ಆಯುಷ್ಯ ಇರುವುದು ಅಲ್ಲಿ. 63ಕ್ಕೆ 37ರ ತವರ-ಸೀಸದ ಮಿಶ್ರಣ 183 ಡಿಗ್ರಿಗೆ ಸರಕ್ಕನೆ ಕರಗುತ್ತದೆ, ಆರಿದಾಗ ಕನ್ನಡಿಯಂತೆ ಹೊಳೆಯುತ್ತದೆ. ಹೊಳಪಿಲ್ಲದೆ ಉಂಡೆಯಾಗಿ ಕೂತಿತೋ, ಒಳಗೆ ಹಿಡಿದಿಲ್ಲವೆಂದು ಅನುಮಾನಿಸಿ ಮತ್ತೆ ಕಾಯಿಸಬೇಕು. ನೂರಿಪ್ಪತ್ತು ಆಂಪಿಯರ್ ಆ ಬೊಟ್ಟಿನ ಮೂಲಕವೇ ಹರಿಯಬೇಕಲ್ಲ! ಕನಿಷ್ಠ 60 ವಾಟಿನ ಕಡ್ಡಿ ಬೇಕು, ಕಿಟಕಿ ತೆರೆದಿರಬೇಕು. ಬ್ಯಾಟರಿಯ ವಯರು ಬೋರ್ಡಿಗೆ ಸೇರುವಲ್ಲಿ 35 ವೋಲ್ಟಿನ ಒಂದು ಕೆಪಾಸಿಟರ್ ಮರೆಯದೆ ಹಚ್ಚಬೇಕು, ಮೋಟಾರು ಎಬ್ಬಿಸುವ ವೋಲ್ಟೇಜಿನ ಅಲೆಗಳನ್ನು ಅದು ನುಂಗಿಕೊಳ್ಳುತ್ತದೆ.

ಎಲ್ಲ ಮುಗಿಯಿತು. ಮೊದಲ ಸಲ ಬ್ಯಾಟರಿ ಚುಚ್ಚುವ ಕ್ಷಣ. ಎಲ್ಲಾದರೂ ಒಂದು ಎಳೆ ತಂತಿ ತಪ್ಪಿ ತಗುಲಿದ್ದರೆ ಕಷ್ಟಪಟ್ಟು ಕೂಡಿಸಿದ ಸಾವಿರಾರು ರೂಪಾಯಿ ಹೊಗೆಯಾಗಿ ಹೋಗುತ್ತದೆ. ಅದಕ್ಕೆ ಜಗತ್ತಿನ ಡ್ರೋನ್ ಪ್ರವೀಣರು ಕಂಡುಕೊಂಡ ಉಪಾಯ ಏನು ಗೊತ್ತೇ? ಬ್ಯಾಟರಿಗೂ ಡ್ರೋನಿಗೂ ನಡುವೆ ಕಾರಿನ ಹಳೆಯ ಬಲ್ಬೊಂದನ್ನು ಸಿಕ್ಕಿಸುವುದು. ಶಾರ್ಟ್ ಆಗಿದ್ದರೆ ಬಲ್ಬು ಝಗ್ಗೆಂದು ಉರಿದು ಕರೆಂಟನ್ನು ತಾನು ಕುಡಿಯುತ್ತದೆ, ಬೋರ್ಡು ಉಳಿಯುತ್ತದೆ. ಓದಿ ನಕ್ಕುಬಿಟ್ಟೆ. ಸೀರೀಸ್ ಬಲ್ಬು! ನಮ್ಮ ರೇಡಿಯೋ ರಿಪೇರಿ ಅಂಗಡಿಯ, ವೈಂಡಿಂಗ್ ಅಂಗಡಿಯ ಗೋಡೆಗೆ ಹಲಗೆಯ ಮೇಲೆ ಹೊಡೆದಿಟ್ಟ ಅದೇ ಸೀರೀಸ್ ಬಲ್ಬು!

ಬ್ಯಾಟರಿಯ ವಿಷಯದಲ್ಲಿ ಮಾತ್ರ ನಗು ಬೇಡ. ಲಿಥಿಯಂ ಪಾಲಿಮರಿನ ಒಂದೊಂದು ಕೋಶ ತುಂಬಿದಾಗ 4.2 ವೋಲ್ಟ್. ಅದರ ಮೇಲೆ ಹೋಗಬಾರದು, ಹಾರುವಾಗ ಮೂರೂವರೆಗಿಂತ ತೀರ ಕೆಳಗೆ ಇಳಿಸಬಾರದು, ಎತ್ತಿಡುವಾಗ 3.8ರಲ್ಲಿ ಇಡಬೇಕು. ಉಬ್ಬಿದ, ತೂತಾದ, ಜಜ್ಜಿದ ಬ್ಯಾಟರಿ ಬೆಂಕಿಯ ಗೂಡು. ಚಾರ್ಜಿಗಿಟ್ಟು ಮಲಗುವುದು, ಪೇಟೆಗೆ ಹೋಗುವುದು ಖಂಡಿತ ಬೇಡ. ಹಾಗೆಯೇ ಆಂಟೆನಾ ಹಚ್ಚದೆ ವಿಡಿಯೋ ಟ್ರಾನ್ಸ್‌ಮಿಟರಿಗೆ ಕರೆಂಟು ಕೊಟ್ಟರೆ ಅದು ತನ್ನ ಶಕ್ತಿಯಿಂದ ತಾನೇ ಬೆಂದುಹೋಗುತ್ತದೆ.

ಗಾಗಲ್ಸ್ ಕಟ್ಟಿಕೊಂಡಾಗಿನ ಅನುಭವವನ್ನು ಹೇಗೆ ಹೇಳಲಿ! ಕಣ್ಣೆದುರು ಹುಲ್ಲಿನ ಎಸಳು ಮರದಷ್ಟು ಎತ್ತರ. ಹೆಬ್ಬೆರಳು ಕೂದಲೆಳೆಯಷ್ಟು ಸರಿಯಿತು, ಹೊಲ ಕೆಳಗೆ ಬಿತ್ತು, ಬದು ಗೆರೆಯಾಯಿತು, ದಿಗಂತ ವಾಲಿತು, ಆಕಾಶ ಕಾಲ ಕೆಳಗೆ ಬಂತು. ಕೂತ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವಂತಾಗುತ್ತದೆ, ಆದರೆ ಕೈ ಎರಡೂ ರಿಮೋಟಿನ ಮೇಲೆ! ಗಂಟೆಗೆ 120 ಕಿಲೋಮೀಟರ್ ಓಟದಲ್ಲಿ ಚಿತ್ರ ಬರಲು 30 ಮಿಲಿಸೆಕೆಂಡ್ ತಡವಾದರೆ ಅಷ್ಟರಲ್ಲಿ ಡ್ರೋನು ಒಂದು ಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ಪೈಲಟ್ ನೋಡುತ್ತಿರುವುದು ಒಂದು ಮೀಟರಿನಷ್ಟು ಹಳೆಯ ಲೋಕ. ಆ ಹಳೆಯ ಲೋಕ ನೋಡಿಕೊಂಡೇ ಐದಡಿಯ ಗೇಟಿನೊಳಗೆ ತೂರಿಸಬೇಕು.

ಇದರಲ್ಲಿ ದೊಡ್ಡವರಿಗಿಂತ ಮಕ್ಕಳ ಹೆಬ್ಬೆರಳೇ ಚುರುಕು. 2016ರಲ್ಲಿ ದುಬೈನ ವರ್ಲ್ಡ್ ಡ್ರೋನ್ ಪ್ರಿ ಗೆದ್ದು ಎರಡೂವರೆ ಲಕ್ಷ ಡಾಲರ್ ಬಾಚಿಕೊಂಡ ಇಂಗ್ಲೆಂಡಿನ ಲ್ಯೂಕ್ ಬ್ಯಾನಿಸ್ಟರನಿಗೆ 15 ವರ್ಷ. 2018ರಲ್ಲಿ ಚೀನಾದ ಶೆಂಜೆನ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್ ಆದ ಆಸ್ಟ್ರೇಲಿಯಾದ ರೂಡಿ ಬ್ರೌನಿಂಗನಿಗೂ 15. ದಕ್ಷಿಣ ಆಫ್ರಿಕಾದ ಬೆಲ್ ಎಂಬ ಅಪ್ಪ ಮಗ ಸೇರಿ ತಾವೇ ಕಟ್ಟಿದ ಡ್ರೋನನ್ನು 2024ರಲ್ಲಿ ಗಂಟೆಗೆ 480.23 ಕಿಲೋಮೀಟರ್ ಓಡಿಸಿ ಗಿನ್ನೆಸ್ ಪುಸ್ತಕ ಸೇರಿದರು. ಈಗ ಯಂತ್ರವೂ ಪಂದ್ಯಕ್ಕಿಳಿದಿದೆ. ಜ್ಯೂರಿಕ್ ವಿಶ್ವವಿದ್ಯಾಲಯದ ಸ್ವಿಫ್ಟ್ ಎಂಬ ಕೃತಕ ಬುದ್ಧಿ ಮೂವರು ಚಾಂಪಿಯನ್ನರ ಎದುರು 25 ಓಟಗಳಲ್ಲಿ 15 ಗೆದ್ದ ವರದಿ 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ನಮ್ಮಲ್ಲೂ 2019ರ ಏರೋ ಇಂಡಿಯಾದ ಸಂದರ್ಭದಲ್ಲಿ ಬೆಂಗಳೂರಿನಲ್ಲಿ ಡ್ರೋನ್ ಒಲಿಂಪಿಕ್ಸ್ ನಡೆದಿತ್ತು.

ಹಾರಿಸುವುದೆಲ್ಲಿ? ಹುಬ್ಬಳ್ಳಿಯವರಿಗೆ ಇಲ್ಲಿ ತುಸು ನಿರಾಸೆ. ವಿಮಾನ ನಿಲ್ದಾಣ ಗೋಕುಲ ರಸ್ತೆಯಲ್ಲೇ ಇರುವುದರಿಂದ ಊರಿನ ಬಹುಭಾಗ ಹಳದಿ ವಲಯ. ನಿಲ್ದಾಣದ ಸುತ್ತ 8 ಕಿಲೋಮೀಟರಿನೊಳಗೆ ವಾಯು ಸಂಚಾರ ನಿಯಂತ್ರಣದವರ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. 8ರಿಂದ 12ರ ನಡುವೆ 200 ಅಡಿಯವರೆಗೆ ಹಸಿರು. ಅದರಾಚೆ, ಬೇರೆ ನಿರ್ಬಂಧ ಇಲ್ಲದ ಕಡೆ, 400 ಅಡಿಯವರೆಗೆ ಹಸಿರು. ಹೀಗಾಗಿ ಧಾರವಾಡ ದಾಟಿ ಪಶ್ಚಿಮಕ್ಕೋ ಉತ್ತರಕ್ಕೋ ಹೊರಟರೆ ಬಾಗಿಲು ತೆರೆಯುತ್ತದೆ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ನೋಡಿಯೇ ಹೊರಡಬೇಕು, ಕೆಂಪು ವಲಯಗಳು ನಡುನಡುವೆ ಅಡಗಿರುತ್ತವೆ. 250 ಗ್ರಾಂ ದಾಟಿದ ಡ್ರೋನಿಗೆ ನೋಂದಣಿ ಮಾಡಿಸಿ ಗುರುತಿನ ಸಂಖ್ಯೆ ಪಡೆಯಬೇಕು. 2 ಕಿಲೋದೊಳಗಿನದನ್ನು ವ್ಯಾಪಾರಕ್ಕಲ್ಲದೆ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ನಿಯಮ ಮುರಿದರೆ ಒಂದು ಲಕ್ಷದವರೆಗೆ ದಂಡ. ಗಾಗಲ್ಸ್ ಕಟ್ಟಿಕೊಂಡವರಿಗೆ ಸುತ್ತಲಿನದು ಕಾಣುವುದಿಲ್ಲವಾದ್ದರಿಂದ, ಬರಿಗಣ್ಣಲ್ಲಿ ಡ್ರೋನನ್ನೇ ನೋಡುತ್ತ "ಏ, ದನಾ ಬಂದಾವಲೇ, ಇಳಸು" ಎನ್ನಲು ಪಕ್ಕದಲ್ಲೊಬ್ಬ ಗೆಳೆಯ ಇರಲೇಬೇಕು. ಸುಗ್ಗಿ ಮುಗಿದು ಹೊಲ ಬರಿದಾಗಿರುವ ಫೆಬ್ರವರಿ ಮಾರ್ಚ್ ಇದಕ್ಕೆ ಸೊಗಸಾದ ಕಾಲ. ಹೊಲದವರನ್ನು ಕೇಳಿಯೇ ಇಳಿಯಬೇಕು ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಈ ಆಟ ಬೆಳೆಯಲು ಬೇಕಾದದ್ದೆಲ್ಲ ನಮ್ಮಲ್ಲೇ ಇದೆ. ಬಿವಿಬಿ ಎಂಬ ಹೆಸರಲ್ಲಿ 1947ರಲ್ಲಿ ಹುಟ್ಟಿದ ಎಂಜಿನಿಯರಿಂಗ್ ಕಾಲೇಜು ಇಂದು ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ. ಧವಳಗಿರಿಯಲ್ಲಿ ಎಸ್‌ಡಿಎಂ, 2015ರಿಂದ ಐಐಐಟಿ, 2016ರಿಂದ ಐಐಟಿ. ಇದೆಲ್ಲ ಚಿಗರಿ ಬಸ್ಸು ಓಡುವ ಹುಬ್ಬಳ್ಳಿ-ಧಾರವಾಡದ ಸುತ್ತಮುತ್ತಲಲ್ಲೇ. ಗೋಕುಲ ರಸ್ತೆಯಲ್ಲಿ ಮೋಟಾರು ಮಾಡುವ ಕಿರ್ಲೋಸ್ಕರ್, ರಸ್ತೆ ರಸ್ತೆಗೂ ವೈಂಡಿಂಗ್ ಅಂಗಡಿ. ಧಾರವಾಡದ ಕೃಷಿ ಮೇಳದಲ್ಲಿ ಔಷಧ ಸಿಂಪಡಿಸುವ ದೊಡ್ಡ ಡ್ರೋನನ್ನು ಬಾಯಿ ತೆರೆದು ನೋಡಿ ಬರುವ ರೈತರ ಮಕ್ಕಳು ಇದೇ ಕಾಲೇಜುಗಳ ಬೆಂಚಿನಲ್ಲಿ ಕೂತಿದ್ದಾರೆ. ನೀರಿನ ಪೈಪಿನ ಅಂಗಡಿಯಿಂದ ನಾಲ್ಕು ಪಿವಿಸಿ ಪೈಪು ತಂದು ಕೊಯ್ದು ಕಟ್ಟಿದರೆ ಒಂದು ರೇಸಿನ ಗೇಟು. ಕಾಲೇಜುಗಳು ಇಷ್ಟು ಮಾಡಲಿ: ಹಸಿರು ವಲಯದಲ್ಲಿ ಒಂದು ಬಯಲು ಗೊತ್ತುಮಾಡಿ, ವಾರಕ್ಕೊಂದು ಮಧ್ಯಾಹ್ನ ಬಿಟ್ಟುಕೊಡಲಿ. ವೈಂಡಿಂಗ್ ಅಂಗಡಿಯ ಮಿಸ್ತ್ರಿಯೊಬ್ಬರನ್ನು ಅತಿಥಿಯಾಗಿ ಕರೆಸಿ ಮೊದಲ ಪಾಠ ಅವರ ಬಾಯಲ್ಲಿ ಕೇಳಿಸಲಿ.

ನೀವು ಕಾಲೇಜಿಗೆ ಕಾಯಬೇಡಿ. ಈ ತಿಂಗಳು ರಿಮೋಟು ಕೊಳ್ಳಿ, ಸಿಮ್ಯುಲೇಟರಿನಲ್ಲಿ ಬೇಸರವಾಗುವಷ್ಟು ಬೀಳಿ, ಆಮೇಲೆ ಬೆಸುಗೆ ಕಡ್ಡಿ ಕಾಯಲಿಡಿ. ಪ್ರೊಪೆಲ್ಲರ್ ಮಾತ್ರ ಎಲ್ಲಕ್ಕಿಂತ ಕಡೆಗೆ, ಬಯಲಿಗೆ ಹೋದ ಮೇಲೆ ಹಾಕಿ.